ಮೂರನೆಯ ಸೇತುವೆ, ಎರಡು ವಿಶಲ್

ಸ್ಯಾನ್ ಫ್ರಾನ್ಸಿಸ್ಕೋಗೆ ಹೋದವರೆಲ್ಲ ಆ ದೊಡ್ಡ ಕೆಂಪು ಸೇತುವೆಯ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಬರುತ್ತಾರೆ. ನಾನೂ ತೆಗೆಸಿಕೊಂಡೆ. ಅವತ್ತು ಮಂಜು ಕವಿದಿತ್ತು. ಫೋಟೊದಲ್ಲಿ ನಾನೊಬ್ಬಳೇ ಇದ್ದೇನೆ, ಸೇತುವೆ ಇಲ್ಲ. ಮೈಸೂರಿಗೆ ವಾಪಸು ಬಂದಾಗ ಬೆಳಗಿನ ವಾಕಿಂಗಿನ ಗೆಳತಿಯರು "ಏನೇನ್ ನೋಡ್ಕೊಂಡ್ ಬಂದ್ರಿ?" ಅಂತ ಸುತ್ತುವರಿದರು. "ಎರಡು ಸೇತುವೆಗಳ ಹೊಟ್ಟೆ, ಒಂದರ ಬೆನ್ನು" ಅಂದೆ. ಇವಳಿಗೆ ಇನ್ನೂ ನಿದ್ದೆಗೆಟ್ಟ ಮಂಪರು ಇಳಿದಿಲ್ಲ ಅಂದುಕೊಂಡು ಸುಮ್ಮನಾದರು.

ನಾನು ಇಪ್ಪತ್ತನಾಲ್ಕು ವರ್ಷ ಕೆಂಪು ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು. ಮೈಸೂರು–ಮಂಡ್ಯ ಷಟಲ್. ಕುಡಿದವರನ್ನು, ಕಿಚಾಯಿಸುವವರನ್ನು, ಫುಟ್‌ಬೋರ್ಡಿನಲ್ಲಿ ನೇತಾಡುವ ಕಾಲೇಜು ಹೈಕಳನ್ನು ಇಳಿಸಿ ಇಳಿಸಿ ನನ್ನ ಗಂಟಲು ಈಗಲೂ ಎರಡು ಬೀದಿ ದಾಟಿ ಕೇಳುತ್ತದೆ. ಹಾಗಾಗಿ ವಿದೇಶದಲ್ಲಿ ಹುಷಾರು, ಅಲ್ಲಿ ಹಾಗಂತೆ, ಇಲ್ಲಿ ಹೀಗಂತೆ ಎಂದು ಹೆದರಿಸಿದವರಿಗೆಲ್ಲ ನಾನು ನಕ್ಕುಬಿಟ್ಟಿದ್ದೆ. ಪುಂಡರು ಎಲ್ಲ ಕಡೆಯೂ ಪುಂಡರೇ, ಅವರನ್ನು ಇಳಿಸುವುದು ನನಗೆ ಹೊಸದಲ್ಲ.

ಫ್ರೀವೇಯಲ್ಲಿ ಏಳು ಸಲ

ಏರ್‌ಪೋರ್ಟಿಗೆ ಕರೆಯಲು ಬಂದವಳು ನನ್ನ ತಂಗಿ ವಸಂತ. ನನಗಿಂತ ಒಂಬತ್ತು ವರ್ಷ ಚಿಕ್ಕವಳು. ಆಪರೇಶನ್ನಿಗೆ ಮೊದಲು ಮದ್ದು ಕೊಟ್ಟು ರೋಗಿಯನ್ನು ಮಲಗಿಸುತ್ತಾರಲ್ಲ, ಆ ಡಾಕ್ಟರು. ಗಂಡ ಮುರಳಿ ಇಂಜಿನಿಯರು. ಪ್ಲೆಸೆಂಟನ್‌ನಲ್ಲಿ ಮನೆ.

ಕಾರು ಫ್ರೀವೇ ಹತ್ತಿತು. ಮೇಲುಸೇತುವೆಯೊಂದು ಹತ್ತಿರ ಬಂದಾಗ ವಸಂತ ತಟ್ಟನೆ ಪಕ್ಕದ ಲೇನಿಗೆ ಹೊರಳಿ, ಕತ್ತು ಭುಜದೊಳಗೆ ಎಳೆದುಕೊಂಡಳು. ದಾಟಿದ ಮೇಲೆ ಕತ್ತು ಮತ್ತೆ ನೆಟ್ಟಗಾಯಿತು. ಮುಂದಿನ ಸೇತುವೆಗೂ ಹಾಗೆಯೇ. ನಾನು ಎಣಿಸುತ್ತಾ ಹೋದೆ. ಮನೆ ಮುಟ್ಟುವಷ್ಟರಲ್ಲಿ ಏಳು ಸಲ.

"ಕತ್ತು ಹಿಡ್ಕೊಂಡಿದ್ಯೇನೇ?" ಎಂದೆ.

"ಇಲ್ಲ ಅಕ್ಕ, ಹಂಗೇನಿಲ್ಲ" ಅಂದಳು.

ನನ್ನ ತಂಗಿ ಸುಳ್ಳು ಹೇಳುವಾಗ ಧ್ವನಿ ತೆಳ್ಳಗಾಗುತ್ತದೆ. ನಾನು ಸೀಟಿಗೊರಗಿ ಕಿಟಕಿಯಾಚೆ ನೋಡಿದೆ. ರಸ್ತೆ ಬದಿಯಲ್ಲಿ ಒಬ್ಬ ಮನುಷ್ಯನೂ ನಡೆಯುತ್ತಿರಲಿಲ್ಲ. ಇಷ್ಟು ಅಗಲದ ರಸ್ತೆಗೆ ಒಂದು ಬಸ್ ಸ್ಟಾಪಾದರೂ ಬೇಡವೇ ಎಂದು ಮರುಗಿದೆ.

ಗುಬ್ಬಿ

ರಾತ್ರಿ ಊಟಕ್ಕೆ ಕೂತಾಗ ವಿಷಯ ಹೇಳಿದ್ದು ಮುರಳಿ. ವಸಂತ ಸಾರು ಬಡಿಸುವ ನೆಪದಲ್ಲಿ ಎದ್ದು ಹೋಗಿದ್ದಳು.

ಓಕ್‌ಲೆಂಡ್ ಎಂಬ ದೊಡ್ಡ ಊರು, ಅದರ ಎದುರಿಗೆ ಅಲಮೀಡಾ ಎಂಬ ದ್ವೀಪ. ಎರಡರ ನಡುವೆ ಸಮುದ್ರದ ನೀರು ಬಂದು ಹೋಗುವ ಉದ್ದನೆಯ ಕಾಲುವೆ. ಒಂದು ದಡದಲ್ಲಿ ತೋಟದ ಮನೆಗಳು, ಇನ್ನೊಂದು ದಡದಲ್ಲಿ ಗೋದಾಮುಗಳು, ಅಲ್ಲಲ್ಲಿ ಟೆಂಟುಗಳು. ಆ ಕಾಲುವೆಯಲ್ಲಿ ವಸಂತ ಮೂರು ವರ್ಷದಿಂದ ಪುಟ್ಟ ದೋಣಿಯೊಂದನ್ನು ಇಟ್ಟುಕೊಂಡಿದ್ದಾಳೆ. ಸದ್ದಿಲ್ಲದ ಬ್ಯಾಟರಿ ಮೋಟಾರು, ಒಂದು ಜೊತೆ ಹುಟ್ಟು, ಮೂರು ಜನ ಕೂರಬಹುದು. ಹಿಂಬದಿಗೆ ಕನ್ನಡದಲ್ಲಿ 'ಗುಬ್ಬಿ' ಅಂತ ಬರೆಸಿದ್ದಾಳೆ. ಶನಿವಾರ ಬೆಳಿಗ್ಗೆಯಾದರೆ ಒಬ್ಬಳೇ ಹೊರಡುತ್ತಿದ್ದಳಂತೆ. ಮೂರು ಸೇತುವೆ ದಾಟಿದರೆ ನೀರು ಇದ್ದಕ್ಕಿದ್ದಂತೆ ಅಗಲವಾಗುತ್ತದೆ, ಅಲ್ಲಿ ಕೊಕ್ಕಿನ ಕೆಳಗೆ ಚೀಲ ತೂಗಿಕೊಂಡ ದೊಡ್ಡ ದೊಡ್ಡ ಹಕ್ಕಿಗಳು. ಅವನ್ನು ನೋಡಿ ಮಧ್ಯಾಹ್ನಕ್ಕೆ ವಾಪಸು.

ಕಳೆದ ಚಳಿಗಾಲದ ಒಂದು ಶನಿವಾರ, ಮೂರನೆಯ ಸೇತುವೆಯ ಕೆಳಗೆ ಹೋಗುವಾಗ ಮೇಲಿನಿಂದ ಯಾರೋ ತುಂಬಿದ ಗಾಜಿನ ಬಾಟಲಿಯನ್ನು ಕೈಬಿಟ್ಟರು. ಅದು ವಸಂತಳ ಎಡ ಭುಜಕ್ಕೆ ಬಿದ್ದು ಕತ್ತಿನ ಬುಡದ ಮೂಳೆ ಮುರಿಯಿತು. ಒಂದು ಅಂಗೈಯಷ್ಟು ಈಚೆಗೆ ಬಿದ್ದಿದ್ದರೆ ತಲೆ. ಮೇಲಿನಿಂದ ನಗು ಕೇಳಿಸಿತಂತೆ. ಅವಳು ದೋಣಿಯೊಳಗೆ ಮಲಗಿಬಿಟ್ಟಳು, ದೋಣಿ ತೇಲುತ್ತಾ ಹೋಗಿ ಸೇತುವೆಯ ಕಂಬಕ್ಕೆ ತಗುಲಿ ನಿಂತಿತು. ಪೊಲೀಸರು ಬಂದು ಮರ್ಯಾದೆಯಿಂದ ಮಾತಾಡಿ ಬರೆದುಕೊಂಡು ಹೋದರು. ಬಿಟ್ಟವರು ಯಾರೆಂದು ಗೊತ್ತಾಗಲಿಲ್ಲ.

"ಮೂಳೆ ಕೂಡ್ಕೊಳ್ತು ಅತ್ತಿಗೆ" ಅಂದರು ಮುರಳಿ. "ಆದರೆ ಅವಳು ಆಮೇಲೆ ದೋಣಿ ಹತ್ತೇ ಇಲ್ಲ. ಮಾರ್ಗನ್ ಹಿಲ್‌ನಿಂದ ಒಬ್ಬರು ಗಂಡ ಹೆಂಡತಿ ತಗೊಳ್ತೀವಿ ಅಂದಿದಾರೆ. ಈ ಭಾನುವಾರ ಬಂದು ನೋಡ್ತಾರೆ. ಹೋಗ್ಲಿ ಬಿಡಿ, ಒಂದು ಟೆನ್ಶನ್ ಕಮ್ಮಿ ಆಗತ್ತೆ."

ವಸಂತ ಸಾರಿನ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಆಸ್ಪತ್ರೇಲಿ ದಿನವಿಡೀ ಎಲ್ಲರನ್ನೂ ಮಲಗಿಸೋದೇ ನನ್ನ ಕೆಲಸ ಅಕ್ಕ" ಅಂದಳು. "ಆ ನೀರಿನ ಮೇಲೆ ಮಾತ್ರ ನಾನು ಎಚ್ಚರವಾಗಿ ಇರ್ತಿದ್ದೆ."

ನಾನು ಅವಳ ಕೈಯಿಂದ ಪಾತ್ರೆ ಇಸಿದುಕೊಂಡು, "ಭಾನುವಾರದೊಳಗೆ ನನ್ನನ್ನೊಂದು ಸಲ ಕರ್ಕೊಂಡು ಹೋಗು. ಮಾರೋಕ್ ಮುಂಚೆ ಅಕ್ಕನನ್ನ ಕೂರಿಸ್ಲಿಲ್ಲ ಅನ್ನೋ ಮಾತು ಬೇಡ" ಎಂದೆ. ಅವಳು ಇಲ್ಲವೆನ್ನಲು ಆಗದಂತೆ ಕೇಳುವುದು ನನಗೆ ಚಿಕ್ಕಂದಿನಿಂದ ಗೊತ್ತು.

ಶುಕ್ರವಾರ: ನಿನ್ನ ಬಸ್ಸಿಗೆ ಟಾಪ್ ಇತ್ತು

ದೋಣಿ ಹತ್ತುವ ಮೊದಲು ಮುರಳಿ ನನಗೊಂದು ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಡಿಸಿದರು. ಸೀರೆಯ ಮೇಲೆ ಅದನ್ನು ಕಟ್ಟಿಕೊಂಡ ನಾನು ಹೇಗೆ ಕಾಣುತ್ತಿದ್ದೆನೋ ದೇವರಿಗೇ ಪ್ರೀತಿ. ಜಾಕೆಟ್ಟಿಗೆ ದಾರ ಕಟ್ಟಿ ಒಂದು ಪ್ಲಾಸ್ಟಿಕ್ ಪೀಪಿ ತೂಗುಬಿಟ್ಟಿದ್ದರು. ದೋಣಿಯಲ್ಲಿ ವಿಶಲ್ ಇರಲೇಬೇಕು ಅನ್ನುವುದು ಅಲ್ಲಿನ ಕಾನೂನಂತೆ. ಊದಿ ನೋಡಿದೆ. ಮಕ್ಕಳ ಜಾತ್ರೆ ಪೀಪಿಗಿಂತ ಕಡೆ. ನನ್ನ ಬೀಗದ ಕೈ ಗೊಂಚಲಿನಲ್ಲಿ ಡ್ಯೂಟಿ ಕಾಲದ ಲೋಹದ ವಿಶಲ್ ಇನ್ನೂ ಇದೆ. ಈಗ ಚಾಮುಂಡಿ ಬೆಟ್ಟದ ಮೆಟ್ಟಿಲಲ್ಲಿ ಕೋತಿ ಓಡಿಸಲು ಬಳಸುತ್ತೇನೆ. ಅದನ್ನು ಬಿಚ್ಚಿ ಕೊರಳಿಗೆ ಹಾಕಿಕೊಂಡೆ.

ವಸಂತ ಮೋಟಾರು ಹಿಡಿದಳು. ನೀರಿನ ಮಟ್ಟದಿಂದ ಊರು ನೋಡುವುದೇ ಬೇರೆ. ರಸ್ತೆಯ ಕಡೆಗೆ ಮುಖ ತೊಳೆದುಕೊಂಡು ನಿಂತ ಮನೆಗಳು ನೀರಿನ ಕಡೆಗೆ ಹಳೇ ಕುರ್ಚಿ, ಒಣಹಾಕಿದ ಟವೆಲ್ಲು, ಮುರಿದ ಸೈಕಲ್ಲು ಎಲ್ಲ ತೋರಿಸುತ್ತವೆ. ನಮ್ಮ ಹಿತ್ತಿಲು ನೆನಪಾಗಿ ನನಗೆ ಆ ದೇಶದ ಮೇಲೆ ಮೊದಲ ಸಲ ವಿಶ್ವಾಸ ಹುಟ್ಟಿತು.

ಕಾಲುವೆಯ ಒಂದು ತಿರುವಿನಲ್ಲಿ ಅರ್ಧ ಮುಳುಗಿದ ದೋಣಿಗಳು ಸಾಲಾಗಿ ಬಿದ್ದಿದ್ದವು. ಅವುಗಳ ನಡುವೆ ತೇಲುತ್ತಿದ್ದ ಒಂದು ಹಳೆಯ ದೋಣಿಯಲ್ಲಿ ಬಿಳಿ ಗಡ್ಡದ ಮುದುಕನೊಬ್ಬ ನಾಯಿಯ ಜೊತೆ ವಾಸವಾಗಿದ್ದ. ಅವನಿಗೆ ವಸಂತಳ ಗುರುತಿತ್ತು. ಎಲ್ಲಿ ಹೋಗಿದ್ದೆ ಇಷ್ಟು ದಿನ ಎಂದು ಕೂಗಿ ಕೇಳಿದ. ತನ್ನ ಪುಟ್ಟ ದೋಣಿಯನ್ನು ಎರಡು ಸಲ ಕದ್ದೊಯ್ದಿದ್ದಾರೆ, ಎರಡು ಸಲವೂ ತಾನೇ ಹುಡುಕಿ ತಂದೆ ಎಂದು ಹೆಮ್ಮೆಯಿಂದ ಹೇಳಿಕೊಂಡ. ಮೋಟಾರನ್ನು ದೋಣಿಯಲ್ಲೇ ಬಿಟ್ಟು ಹೋಗಬೇಡ, ಹಗ್ಗದ ಬದಲು ಸರಪಳಿ ಹಾಕು ಎಂದ. ವಸಂತಳೂ ತನ್ನ ನಿಯಮಗಳನ್ನು ನನಗೆ ಒಪ್ಪಿಸಿದಳು: ಸೇತುವೆ ಬಂದರೆ ಎರಡು ನಿಮಿಷ ದೂರದಲ್ಲಿ ನಿಂತು ಮೇಲೆ ಯಾರಿದ್ದಾರೆ ನೋಡಬೇಕು. ಒಂದು ಕಂಬದ ಬಳಿ ಒಳಗೆ ಹೋಗಿ, ಇನ್ನೊಂದು ಕಂಬದ ಬಳಿ ಹೊರಗೆ ಬರಬೇಕು, ಆಗ ಮೇಲೆ ಕಾದವರಿಗೆ ಗುರಿ ತಪ್ಪುತ್ತದೆ. ಯಾರಾದರೂ ಬೈದರೆ ತಿರುಗಿ ಬೈಯಬಾರದು.

"ಇದೊಂದು ನನ್ನ ಕೈಲಿ ಆಗಲ್ಲ" ಎಂದೆ. ಅವಳು ನಕ್ಕಳು. ಬಂದ ಮೇಲೆ ನಾನು ಕಂಡ ಮೊದಲ ನಗು ಅದು.

ಮೊದಲ ಸೇತುವೆ ದಾಟಿದೆವು. ಕೆಳಗಿನಿಂದ ನೋಡಿದರೆ ಕಬ್ಬಿಣದ ಜಾಲರಿ, ಅದರ ಮೇಲೆ ಕಾರುಗಳು ಹೋದಾಗ ಜೇನುಗೂಡಿನಂಥ ಸದ್ದು. ವಸಂತ ಕತ್ತು ಒಳಗೆಳೆದುಕೊಂಡಿದ್ದಳು, ಆದರೂ ದಾಟಿದಳು. ಎರಡನೆಯದನ್ನೂ ದಾಟಿದೆವು. ಮೂರನೆಯದು ಕಂಡಿತು. ಹಡಗು ಬಂದರೆ ನಡುವೆ ಬಾಯಿ ತೆರೆದು ಮೇಲೇಳುವ ಸೇತುವೆ ಅದು. ಒಂದು ತುದಿಯಲ್ಲಿ ಗಾಜಿನ ಕಿಟಕಿಯ ಪುಟ್ಟ ಕೋಣೆ, ಅದರಲ್ಲಿ ಕೂತವರು ಸೇತುವೆ ತೆಗೆದು ಮುಚ್ಚುತ್ತಾರೆ. ಇನ್ನೊಂದು ತುದಿಯ ಕಂಬಿಗೆ ಒರಗಿ ಒಬ್ಬ ಗಾಳ ಹಾಕಿಕೊಂಡು ನಿಂತಿದ್ದ.

ವಸಂತ ಮೋಟಾರು ನಿಲ್ಲಿಸಿದಳು. ಎರಡು ನಿಮಿಷವಾಯಿತು, ಐದಾಯಿತು. ಆಮೇಲೆ ದೋಣಿ ತಿರುಗಿಸಿಬಿಟ್ಟಳು.

ನನ್ನ ಬಾಯಿ ಸುಮ್ಮನಿರಬೇಕಿತ್ತು. ಇರಲಿಲ್ಲ. "ಮೀನು ಹಿಡಿಯೋನಿಗೂ ಹೆದರ್ತೀಯಲ್ಲೇ! ನಾನು ದಿನಕ್ಕೆ ಅಂಥ ಹತ್ತು ಜನರನ್ನ ಇಳಿಸ್ತಿದ್ದೆ. ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ರೆ ಯಾವನೂ ಏನೂ ಮಾಡಲ್ಲ."

ಅವಳು ನೀರು ನೋಡುತ್ತಲೇ ಹೇಳಿದಳು: "ನಿನ್ನ ಬಸ್ಸಿಗೆ ಟಾಪ್ ಇತ್ತು ಅಕ್ಕ."



ಶನಿವಾರ: ಒಂದು ಉದ್ದ, ಒಂದು ಗಿಡ್ಡ

ಮರುದಿನ ಮತ್ತೆ ಹೊರಟೆವು. ಈ ಸಲ ಅವಳೇ ಬಾ ಅಂದಳು. ಮುರಳಿಗೆ ಮನೆಯಲ್ಲಿ ಕೂರಲು ಆಗದು, ದೋಣಿ ಹತ್ತಲೂ ಧೈರ್ಯವಿಲ್ಲ. ಹಾಗಾಗಿ ಕಾರಿನಲ್ಲಿ ಒಂದು ಸೇತುವೆಯಿಂದ ಇನ್ನೊಂದು ಸೇತುವೆಗೆ ಓಡಿ, ದಡದಲ್ಲಿ ಫ್ಲಾಸ್ಕ್ ಹಿಡಿದು ನಿಂತು, ನಾವು ದಾಟುವವರೆಗೂ ಕೈಬೀಸಿ, ಮತ್ತೆ ಕಾರಿಗೆ ಓಡುತ್ತಿದ್ದರು. ಮದುವೆಮನೆಯ ಬಸ್ಸಿನ ಹಿಂದೆ ಸ್ಕೂಟರಿನಲ್ಲಿ ಬರುವ ಹುಡುಗಿಯ ಚಿಕ್ಕಪ್ಪನ ಹಾಗೆ.

ಮೂರನೆಯ ಸೇತುವೆಯ ಮೇಲೆ ನಾಲ್ಕು ಜನ ಇದ್ದರು. ಹದಿನೆಂಟೋ ಇಪ್ಪತ್ತೋ ವಯಸ್ಸು, ಇಬ್ಬರು ಹುಡುಗಿಯರು, ಇಬ್ಬರು ಹುಡುಗರು. ಕಂಬಿಯ ಮೇಲೆ ಹೊಟ್ಟೆ ಊರಿ ಕೆಳಗೆ ಬಗ್ಗಿದ್ದರು. ನಾವು ದೂರದಲ್ಲೇ ನಿಂತೆವು. ಹತ್ತಿರ ಬನ್ನಿ ಎಂಬಂತೆ ಒಬ್ಬ ಕೈಯಾಡಿಸಿದ. ಆಮೇಲೆ ಐಸು ತುಂಬಿದ ಒಂದು ದೊಡ್ಡ ಲೋಟ ಹಾರಿಬಂದು ನಮ್ಮ ಮುಂದೆ ನೀರಿಗೆ ಬಿತ್ತು. ಮೇಲೆ ನಗು. ಎರಡನೆಯದು ದೋಣಿಯ ಅಂಚಿಗೆ ಬಡಿದು ನನ್ನ ಸೀರೆಯ ನೆರಿಗೆಯೆಲ್ಲ ಕೆಂಪು ಶರಬತ್ತಾಯಿತು. ಮೂರನೆಯ ಸಲ ಒಬ್ಬಳ ಕೈಯಲ್ಲಿ ಏನೋ ಗಟ್ಟಿಯಾದದ್ದು ಬಿಸಿಲಿಗೆ ಮಿಂಚಿತು.

ಬಾಟಲಿ. ವಸಂತ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಬಗ್ಗಿಬಿಟ್ಟಳು. ಅದನ್ನು ನೋಡಿದ ಮೇಲೆ ನನಗೆ ಯಾವ ದೇಶದಲ್ಲಿದ್ದೇನೆ ಅನ್ನುವುದೇ ಮರೆತುಹೋಯಿತು.

"ಏಯ್! ಇಳೀರೋ ಕೆಳಗೆ! ಅಕ್ಕ ತಂಗೀರಿಲ್ವಾ ನಿಮ್ಗೆ?" ಎಂದು ಅಪ್ಪಟ ಮಂಡ್ಯ ರೂಟಿನ ಧ್ವನಿಯಲ್ಲಿ ಕೂಗಿ, ವಿಶಲ್ ಬಾಯಿಗಿಟ್ಟೆ. ಬಸ್ಸಿನಲ್ಲಿ ಒಂದು ಉದ್ದ ವಿಶಲ್ ಅಂದರೆ ನಿಲ್ಲಿಸು. ಇರುವ ಉಸಿರನ್ನೆಲ್ಲ ಹಾಕಿ ಉದ್ದಕ್ಕೆ ಊದಿದೆ. ಸಾಲದು ಅನ್ನಿಸಿ ಸಿಟ್ಟಿಗೆ ಇನ್ನೊಂದು ಗಿಡ್ಡ ಹೊಡೆದೆ.

ಅಷ್ಟೇ. ಸೇತುವೆಯ ಕೋಣೆಯಿಂದ ಹಡಗಿನ ಹಾರ್ನು ಕಿವಿ ಕಿತ್ತುಹೋಗುವಂತೆ ಬಡಬಡ ಐದು ಸಲ ಕೂಗಿತು. ಆ ಸದ್ದಿಗೆ ನಾಲ್ವರೂ ಕಂಬಿಯಿಂದ ಹಿಂದಕ್ಕೆ ಹಾರಿದರು, ಹುಡುಗಿಯ ಕೈಯ ಬಾಟಲಿ ರಸ್ತೆಗೇ ಬಿದ್ದು ಒಡೆಯಿತು. ನಾನೂ ಬೆಚ್ಚಿ ದೋಣಿಯ ತಳದಲ್ಲಿ ಕೂತುಬಿಟ್ಟೆ.

"ಅಕ್ಕಾ!" ವಸಂತ ತಲೆಯ ಮೇಲಿನ ಕೈ ತೆಗೆದು ನನ್ನನ್ನು ನೋಡಿದಳು. "ಒಂದು ಉದ್ದ ಒಂದು ಗಿಡ್ಡ ಅಂದ್ರೆ ಇಲ್ಲಿ ಬ್ರಿಡ್ಜ್ ತೆಗೀರಿ ಅಂತ! ಐದು ಸಲ ಕೂಗಿದ್ರಲ್ಲ, ಅದು ತೆಗೆಯೋಕಾಗಲ್ಲ ಅಂತ!"

ಕೋಣೆಯ ಬಾಗಿಲು ತೆರೆದು ಹಳದಿ ಕೋಟಿನ ದಪ್ಪನೆಯ ಹೆಂಗಸೊಬ್ಬಳು ಮೈಕ್ ಹಿಡಿದು ಹೊರಗೆ ಬಂದಳು. ಅಮ್ಮಾ, ನಿನ್ನ ದೋಣಿಗೆ ಸೇತುವೆ ಯಾಕೆ ತೆಗೆಯಬೇಕು, ಅದು ನನ್ನ ಸ್ನಾನದ ತೊಟ್ಟಿಗಿಂತ ಚಿಕ್ಕದಿದೆ ಅಂದಳು. ಇಡೀ ಕಾಲುವೆಗೆ ಕೇಳಿಸಿತು. ನಾನು ಮೇಲೆ ಕೈ ತೋರಿಸಿದೆ. ಅವಳು ತಿರುಗಿ ನಾಲ್ವರನ್ನೂ, ರಸ್ತೆಯ ಮೇಲಿನ ಗಾಜನ್ನೂ ಕಂಡಳು. ಆಮೇಲೆ ಮೈಕಿನಲ್ಲೇ ಅವರಿಗೆ ಮಾಡಿದ ಮಂಗಳಾರತಿಯನ್ನು ಇಲ್ಲಿ ಬರೆಯುವ ಹಾಗಿಲ್ಲ. ಆ ಕೆಲಸಕ್ಕೆ ಸೇರದೆ ನಮ್ಮ ಡಿಪೋಗೆ ಸೇರಿದ್ದರೆ ಒಳ್ಳೆ ಹೆಸರು ಮಾಡುತ್ತಿದ್ದಳು. ನಾಲ್ವರೂ ಓಡಿಹೋದರು. ಹೋಗುವಾಗ ಒಬ್ಬ ನನಗೆ ನಡುಬೆರಳು ತೋರಿಸಿದ, ನಾನು ಮುಷ್ಟಿ ತೋರಿಸಿದೆ.

ದಾರಿ ಖಾಲಿ ಇದೆ, ಬನ್ನಿ, ನಾನು ನೋಡಿಕೊಳ್ಳುತ್ತೇನೆ ಅಂದಳು ಹಳದಿ ಕೋಟಿನವಳು. ಆದರೆ ತನ್ನ ಕೋಣೆಯಿಂದ ಆ ತುದಿಯ ಕಂಬಿ ಕಾಣುವುದಿಲ್ಲ, ವಿಶಲ್ ಕೇಳದಿದ್ದರೆ ಗೊತ್ತೇ ಆಗುತ್ತಿರಲಿಲ್ಲ ಎಂದೂ ಹೇಳಿದಳು.

ನಾನು ಗೆದ್ದ ಉತ್ಸಾಹದಲ್ಲಿ, "ನಡಿಯೇ ಇನ್ನು!" ಅಂದೆ. ವಸಂತ ಮೋಟಾರಿಗೆ ಕೈ ಹಾಕಿದಳು. ಕೈ ಕದಲಲಿಲ್ಲ. ಸೇತುವೆಯ ಮೇಲೆ ಒಂದು ಕಾಗೆಯೂ ಇರಲಿಲ್ಲ. ಆದರೂ ಅವಳು ದೋಣಿ ತಿರುಗಿಸಿದಳು. ದಾರಿಯುದ್ದಕ್ಕೂ ಕಣ್ಣೀರು ಒರೆಸಿಕೊಳ್ಳುತ್ತಿದ್ದಳು, ನಾನು ಕಂಡೂ ಕಾಣದವಳ ಹಾಗೆ ಸೀರೆಯ ಕಲೆ ಉಜ್ಜುತ್ತಾ ಕೂತಿದ್ದೆ.

ಅದೇ ಸಂಜೆ, ಅಡುಗೆಮನೆ

"ಓಡ್ಸಿದ್ವಲ್ಲೇ ಅವರನ್ನ. ಇನ್ನೇನು?" ಅಂದೆ, ಹುರುಳಿಕಾಯಿ ಸೋಸುತ್ತಾ. ಈ ಸಲ ಜಗಳಕ್ಕಲ್ಲ, ನಿಜವಾಗಿಯೂ ತಿಳಿಯಲಿಕ್ಕೆ ಕೇಳಿದೆ.

"ಅವರ ಭಯ ಅಲ್ಲ ಅಕ್ಕ. ಎದುರಿಗೆ ಕಂಡ್ರೆ ನಾನೂ ನಾಲ್ಕು ಮಾತಾಡ್ತೀನಿ. ಆದರೆ ಸೇತುವೆ ಕೆಳಗೆ ಹೋದ ಮೇಲೆ ಮೇಲಿಂದು ಏನೂ ಕಾಣಲ್ಲ. ಒಳಗೆ ಹೋಗೋವಾಗ ಯಾರೂ ಇರಲ್ಲ, ಆ ಕಡೆ ಹೊರಗೆ ಬರೋಷ್ಟರಲ್ಲಿ ಯಾರೋ ಬಂದಿರ್ತಾರೆ. ಅವತ್ತೂ ಹಂಗೇ ಆಗಿದ್ದು. ನೋಡ್ಕೊಂಡೇ ಹೋಗಿದ್ದೆ. ಖಾಲಿ ಇತ್ತು."

ನನ್ನ ಕೈಯ ಚಾಕು ನಿಂತಿತು. ಇಪ್ಪತ್ತನಾಲ್ಕು ವರ್ಷ ನಾನು ಮಾಡಿದ ಕೆಲಸವನ್ನೇ ಇವಳು ಹೇಳುತ್ತಿದ್ದಾಳೆ! ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ರಿವರ್ಸ್ ತೆಗೆಯುವಾಗ ಡ್ರೈವರಿಗೆ ಹಿಂದಿನದು ಏನೂ ಕಾಣುವುದಿಲ್ಲ. ಕಂಡಕ್ಟರ್ ಇಳಿದು, ಹಿಂದೆ ಹೋಗಿ ನಿಂತು, ಮಗು ಮರಿ ನೋಡಿ ವಿಶಲ್ ಹೊಡೆಯಬೇಕು. ಎರಡು ವಿಶಲ್ ಅಂದರೆ ಬಾ, ಒಂದು ಅಂದರೆ ನಿಲ್ಲು. ನಮ್ಮ ಡ್ರೈವರ್ ರಾಜಣ್ಣ ಕನ್ನಡಿ ಕೂಡ ನೋಡುತ್ತಿರಲಿಲ್ಲ, ನನ್ನ ವಿಶಲ್ ಕೇಳಿ ಹಿಂದಕ್ಕೆ ಬರುತ್ತಿದ್ದ. ಈ ಎರಡು ದಿನ ದೋಣಿಯಲ್ಲಿ ನಾನು ಡ್ರೈವರ್ ಪಕ್ಕದಲ್ಲೇ ಕೂತುಬಿಟ್ಟಿದ್ದೆ. ಎಲ್ಲಾದರೂ ಉಂಟೇ?

"ನಾಳೆ ದೋಣೀಲಿ ನೀನೊಬ್ಳೇ" ಅಂದೆ. "ನಾನು ಮೇಲಿರ್ತೀನಿ. ಎರಡು ವಿಶಲ್ ಹೊಡೆದ್ರೆ ಬಾ."

ಬಾಗಿಲಲ್ಲಿ ನಿಂತಿದ್ದ ಮುರಳಿ, "ಅತ್ತಿಗೆ, ಹನ್ನೊಂದಕ್ಕೆ ಆ ಮಾರ್ಗನ್ ಹಿಲ್‌ನವರು ಬರ್ತಾರೆ" ಅಂದರು.

"ಬರ್ಲಿ. ಹನ್ನೊಂದರೊಳಗೆ ನಮ್ಮ ಒಂದು ಟ್ರಿಪ್ ಇದೆ."

ವಸಂತ ಎರಡೇ ಎರಡು ಮಾತು ಕೇಳಿದಳು. "ಆ ಕಡೆ ಕಂಬಿಗೂ ಬಂದು ನೋಡ್ತೀಯಾ? ಪೂರ್ತಿ ದಾಟೋವರೆಗೂ?"

"ನೀನು ಹೊರಗೆ ಬರೋ ಮೊದಲೇ ನಾನಲ್ಲಿರ್ತೀನಿ" ಅಂದೆ.

ಭಾನುವಾರ: ಬೆನ್ನಿನ ಮೇಲೆ

ಮುರಳಿ ನನ್ನನ್ನು ಸೇತುವೆಯ ಬಳಿ ಇಳಿಸಿ, ದೋಣಿ ನೋಡಲು ಬರುವವರಿಗಾಗಿ ಹೋದರು. ನಾನು ಉದ್ದಕ್ಕೂ ಒಂದು ಸಲ ನಡೆದು ನೋಡಿದೆ. ಗಾಳದವನು ಇದ್ದ. ಹತ್ತಿರ ಹೋದರೆ ಫಿಲಿಪೀನ್ಸಿನ ಅಜ್ಜ, ಬಕೆಟ್ಟಿನಲ್ಲಿ ಎರಡು ಮೀನು, ಪಕ್ಕದಲ್ಲಿ ಸಣ್ಣಗೆ ಹಾಡುವ ರೇಡಿಯೊ. ಕೈಸನ್ನೆಯಲ್ಲೇ ನನ್ನ ಕೆಲಸ ಹೇಳಿದೆ. ಅವನು ತಲೆಯಾಡಿಸಿ ಗಾಳವನ್ನು ಮೇಲಕ್ಕೆಳೆದುಕೊಂಡ. ಶುಕ್ರವಾರ ಇವನನ್ನೂ ಪುಂಡರ ಲೆಕ್ಕಕ್ಕೆ ಸೇರಿಸಿದ್ದೆ ಎಂದು ನಾಚಿಕೆಯಾಯಿತು. ಕೋಣೆಯ ಕಿಟಕಿಯಿಂದ ಹಳದಿ ಕೋಟಿನವಳು ನನ್ನನ್ನು ಗುರುತು ಹಿಡಿದು ಕೈಬೀಸಿದಳು.

ದೂರದಲ್ಲಿ ಗುಬ್ಬಿ ಕಂಡಿತು. ನಾನು ಕಂಬಿಗೆ ಒರಗಿ ಕೆಳಗೆ ಬಗ್ಗಿದೆ, ನಿನ್ನೆ ಆ ನಾಲ್ವರು ಬಗ್ಗಿದ್ದ ಜಾಗದಲ್ಲೇ. ಮೇಲಿನಿಂದ ನೋಡಿದರೆ ದೋಣಿ ಅಂಗೈಯಷ್ಟು. ಅದರಲ್ಲಿ ಕೂತವರಿಗೆ ಮುಖವಿಲ್ಲ. ಒಂದು ನೆತ್ತಿ, ಅಷ್ಟೇ. ನನ್ನ ತಂಗಿ ಅಂತ ಗೊತ್ತಿದ್ದ ನನಗೇ ಅದು ತಂಗಿಯ ಹಾಗೆ ಕಾಣಲಿಲ್ಲ.

ಆಗ ನೆನಪಾಯಿತು. ಇಷ್ಟು ವರ್ಷ ಎಲ್ಲಿತ್ತೋ.

ಶ್ರೀರಂಗಪಟ್ಟಣದ ಸೇತುವೆ ಬಂದರೆ ಬಸ್ಸಿನಲ್ಲಿ ಎಲ್ಲರ ಕೈಯೂ ಕಿಟಕಿಗೆ ಹೋಗುತ್ತಿತ್ತು. ಕಾವೇರಿ ತಾಯಿಗೆ ನಾಣ್ಯ, ಹೂವು, ಮನೆಯಲ್ಲಿ ಪೂಜೆ ಮಾಡಿ ಬಾಡಿದ್ದನ್ನೆಲ್ಲ ಗಂಟು ಕಟ್ಟಿದ ಪ್ಲಾಸ್ಟಿಕ್ ಚೀಲ. ಒಂದು ಬೆಳಿಗ್ಗೆ ಸೇತುವೆಯ ಮೇಲೆ ಗಾಡಿಗಳು ಸಿಕ್ಕಿಕೊಂಡು ನಮ್ಮ ಬಸ್ಸು ನಿಂತಿತ್ತು. ಹೆಂಗಸೊಬ್ಬಳು ತೆಂಗಿನಕಾಯಿಯಿದ್ದ ಭಾರದ ಚೀಲವನ್ನು ನನ್ನ ಕೈಗೆ ಕೊಟ್ಟು, "ಬಾಗಿಲ ಹತ್ರ ಇದೀಯಲ್ಲಮ್ಮ, ನೀನೇ ಹಾಕ್ಬಿಡು" ಅಂದಳು. ಇಳಿದು ಕಂಬಿಯಾಚೆ ಹಾಕಿದೆ. ನೋಡಿ ಹಾಕಲಿಲ್ಲ. ಕೆಳಗಿನಿಂದ ಒಂದು ಕೂಗು ಬಂತು. ಬಗ್ಗಿ ನೋಡಿದರೆ ತೆಪ್ಪದಲ್ಲಿ ಮೀನಿನವನೊಬ್ಬ ಮೊಣಕೈ ಹಿಡಿದುಕೊಂಡು ಮೇಲೆ ನೋಡುತ್ತಿದ್ದ. ಅಷ್ಟರಲ್ಲಿ ಮುಂದಿನ ಗಾಡಿಗಳು ಕದಲಿದವು, ಹಿಂದಿನವರು ಹಾರ್ನ್ ಹೊಡೆದರು. ನಾನು ಬಸ್ಸು ಹತ್ತಿ ಎರಡು ವಿಶಲ್ ಹೊಡೆದೆ. ಹೊರಟುಬಿಟ್ಟೆವು.

ನಾನು ನಗಲಿಲ್ಲ, ನಿಜ. ಆದರೆ ಮೊಣಕೈ ಹಿಡಿದುಕೊಂಡವನಿಗೆ ಅದರಿಂದ ಏನಾಗಬೇಕು? ವಸಂತಳ ಮುಂದೆ ಎರಡು ದಿನ ಎಷ್ಟು ಜಂಬ ಕೊಚ್ಚಿದ್ದೆನೋ ಅಷ್ಟಕ್ಕೂ ನನ್ನ ಮುಖ ಬಿಸಿಯಾಯಿತು.

ಕೆಳಗೆ ಗುಬ್ಬಿ ನಿಂತಿತ್ತು. ವಸಂತ ಕಾಯುತ್ತಿದ್ದಳು. ನಾನು ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ, ರಸ್ತೆಯಾಚೆ ನೋಡಿದೆ. ಸೈಕಲ್ಲಿನವನೊಬ್ಬ ಬರುತ್ತಿದ್ದ, ಅವನು ದಾಟಿ ಹೋಗುವವರೆಗೂ ಕಾದೆ. ಇನ್ನೊಂದು ಸಲ ನೋಡಿದೆ. ಆಮೇಲೆ ಎರಡು ವಿಶಲ್ ಹೊಡೆದೆ.

ಗುಬ್ಬಿ ಕದಲಿತು. ನೆತ್ತಿ ಹತ್ತಿರ ಬಂತು, ಇನ್ನೂ ಹತ್ತಿರ ಬಂತು, ನನ್ನ ಕಾಲಿನ ಕೆಳಗೆ ಮಾಯವಾಯಿತು. ನಾನು ರಸ್ತೆಯಾಚೆಯ ಕಂಬಿಗೆ ಓಡಬೇಕು. ಕಾರುಗಳು ಬರುತ್ತಿದ್ದವು. ಕೈ ಅಡ್ಡ ಹಿಡಿದು ಒಂದು ಉದ್ದ ವಿಶಲ್ ಹೊಡೆದು ನಡುರಸ್ತೆಗೆ ಇಳಿದೆ. ಅಮೆರಿಕದ ಕಾರುಗಳು ಅಷ್ಟೂ ನಿಂತವು. ಪಾಪ, ಸೀರೆಯ ಟ್ರಾಫಿಕ್ ಪೊಲೀಸನ್ನು ಅವರು ಹಿಂದೆಂದೂ ಕಂಡಿರಲಾರರು. ಓಡುವಾಗಲೇ ಜೋಳಿಗೆಯಲ್ಲಿ ಫೋನು ಹೊಡೆದುಕೊಂಡಿತು.

"ಅತ್ತಿಗೆ, ಅವರು ಬೇಗನೇ ಬಂದುಬಿಟ್ಟಿದಾರೆ" ಮುರಳಿಯ ಧ್ವನಿ. "ದೋಣಿ ಎಲ್ಲಿ ಅಂತ ಕೇಳ್ತಿದಾರೆ. ಏನ್ ಹೇಳ್ಲಿ?"

ನಾನು ಆಚೆ ಕಂಬಿಗೆ ಬಂದು ಬಗ್ಗಿ ನೋಡಿದೆ. ಬರೀ ನೀರು. ಇವಳು ನಡುವೆ ನಿಂತುಬಿಟ್ಟಳೇ? ಮೊದಲು ಗುಬ್ಬಿಯ ಮೂತಿ ಕಂಡಿತು. ಆಮೇಲೆ ವಸಂತಳ ಮಂಡಿ, ಮೋಟಾರು ಹಿಡಿದ ಕೈ, ಆಮೇಲೆ ತಲೆ. ಕತ್ತು ನೆಟ್ಟಗಿತ್ತು.

"ಗಾಡಿ ಫುಲ್ ಆಗಿದೆ, ಸೀಟಿಲ್ಲ ಅಂತ ಹೇಳಿ ಮುರಳಿ" ಅಂದೆ. "ಪಾಪ, ದೂರದಿಂದ ಬಂದಿದಾರೆ, ಕಾಫಿ ಕೊಟ್ಟು ಕಳ್ಸಿ."

ಸೇತುವೆಯಿಂದ ಸ್ವಲ್ಪ ದೂರ ಹೋಗಿ ವಸಂತ ದೋಣಿ ನಿಲ್ಲಿಸಿದಳು. ಮುಂದೆ ಅಗಲ ನೀರು, ಹಕ್ಕಿಗಳು. ಅವಳು ಅದನ್ನು ನೋಡಲಿಲ್ಲ. ಹಿಂತಿರುಗಿ ಕತ್ತೆತ್ತಿ ಮೇಲೆ ನೋಡಿದಳು.

ನಾನು ಎರಡೂ ಕೈ ಮೇಲೆತ್ತಿ, ಅಂಗೈ ಬಿಚ್ಚಿ, ಖಾಲಿ ಇವೆ ಎಂದು ತೋರಿಸಿದೆ.